ಟಿಕೆಟ್ ಇಲ್ಲದೆ ಟೋಪಿ ಹಾಕುವ ಮ್ಯೂಸಿಯಂ

ಮೊದಲೇ ಹೇಳಿಬಿಡುತ್ತೇನೆ, ಈ ಪೊಲೀಸ್ ಮ್ಯೂಸಿಯಂಗೆ ದೊಡ್ಡದು ಅಂದುಕೊಂಡು ಹೋಗಬೇಡಿ. ಹಳೇ ದಾವಣಗೆರೆಯ ಒಂದು ಗಲ್ಲಿಯಲ್ಲಿರುವ ಹಂಚಿನ ಮನೆ ಅದು. ಒಂದು ಪಡಸಾಲೆ, ಎರಡು ಕೋಣೆ, ಹಿಂದೆ ಚಿಕ್ಕ ಹಿತ್ತಲು. ಅಷ್ಟೇ. ಬಾಗಿಲ ಮೇಲಿನ ಫ್ಲೆಕ್ಸ್ ಬಿಸಿಲಿಗೆ ಬಣ್ಣ ಹೋಗಿ 'ಪೊಲೀಸ್' ಅನ್ನುವುದರಲ್ಲಿ 'ಲೀಸ್' ಮಾತ್ರ ಉಳಿದಿದೆ. ಯಾವುದೋ ಮನೆ ಲೀಸಿಗಿದೆ ಅಂದುಕೊಂಡು ನಾನು ಎರಡು ಸಲ ಮುಂದೆ ಹೋಗಿ ವಾಪಸ್ ಬಂದೆ. ಕೊನೆಗೆ ಮೂಲೆಯ ಮಂಡಕ್ಕಿ ಅಂಗಡಿಯವರು, "ಪೊಲೀಸ್ ಅಜ್ಜಾರ ಮನಿ ಏನ್ರಿ? ಅಲ್ಲೊಂದು ಹಳೇ ಸೈಕಲ್ ನಿಲ್ಸ್ಯಾರಲ್ಲ, ಅದ ನೋಡ್ರಿ" ಅಂದರು.

ನಡೆಸುವವರು ರಿಟೈರ್ ಆದ ನಾಲ್ಕು ಜನ ಪೊಲೀಸರು, ಒಬ್ಬರು ಮೇಷ್ಟ್ರು, ಹಿಸ್ಟರಿ ಓದುವ ಇಬ್ಬರು ಕಾಲೇಜು ಹುಡುಗರು. ಯಾರಿಗೂ ಸಂಬಳ ಇಲ್ಲ. ಇಲಾಖೆಗೂ ಇದಕ್ಕೂ ಸಂಬಂಧ ಇಲ್ಲ. ಮನೆ ಅವರಲ್ಲೊಬ್ಬರ ತಂಗಿಯದು, ಬಾಡಿಗೆ ತಗೊಳ್ಳುವುದಿಲ್ಲವಂತೆ. ಟಿಕೆಟ್ ಇಲ್ಲ, ಬಾಗಿಲ ಪಕ್ಕ ಒಂದು ಕಬ್ಬಿಣದ ಪೆಟ್ಟಿಗೆಯನ್ನೇ ಹುಂಡಿ ಮಾಡಿ ಇಟ್ಟಿದ್ದಾರೆ. ಅದಕ್ಕೆ ಮೂರು ಬೀಗ. "ನಾಲ್ಕು ಜನ ಪೊಲೀಸರಿದ್ದೂ ಮೂರು ಬೀಗ ಯಾಕೆ ಸರ್?" ಅಂತ ಕೇಳಿದೆ. "ನಾಲ್ಕು ಜನ ಪೊಲೀಸರು ಇರೋದಕ್ಕೇ ರೀ" ಅಂತ ಮೇಷ್ಟ್ರು ನಕ್ಕರು. ಅಲ್ಲಿಗೆ ನನಗೆ ಜಾಗ ಇಷ್ಟವಾಗಲು ಶುರುವಾಯಿತು.

ಹೋಗಿದ್ದು ಮಗಳ ಸ್ಕೂಲ್ ಪ್ರಾಜೆಕ್ಟ್‌ಗಾಗಿ. ಅವಳಿಗೆ 9 ವರ್ಷ. ನನಗೇನೂ ಪೊಲೀಸರ ಮೇಲೆ ಅಂಥಾ ಪ್ರೀತಿ ಇಲ್ಲ. ಒಂದು ಸಲ ಮೊಬೈಲ್ ಕಳೆದುಕೊಂಡು ಒಂದು ಠಾಣೆಗೆ ಹೋದಾಗ, ಒಂದು ಪೇಪರಿಗೆ ಸೀಲ್ ಹಾಕಿಸಲು ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದ್ದರು. ಬರೆಯುವ ಪೆನ್ನೂ ನಾನೇ ಕೊಡಬೇಕಾಯಿತು, ಅದು ವಾಪಸ್ ಬರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ರಿವ್ಯೂ ಬರೆಯುತ್ತಿರುವವನು ಸಲ್ಯೂಟ್ ಹೊಡೆದು ಒಳಗೆ ಹೋದವನಲ್ಲ ಅಂತ ನಿಮಗೆ ಗೊತ್ತಿರಲಿ.

ಒಳಗೆ ಹೋದ ತಕ್ಷಣ ಎದುರಿಗೆ ಸಿಗುವುದೇ ಟೋಪಿ. ಅದೇ, ಒಂದು ಕಡೆ ಅಂಚು ಮೇಲಕ್ಕೆ ಮಡಚಿದ ಸ್ಲೋಚ್ ಹ್ಯಾಟ್. ನಾವೆಲ್ಲ ಚಿಕ್ಕಂದಿನಿಂದ ಪೊಲೀಸ್ ಅಂದರೆ ಬಿಡಿಸುತ್ತಿದ್ದ ಚಿತ್ರ ಅದೇ ಅಲ್ವಾ? 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಅದನ್ನು ತೆಗೆದು ಕಾನ್‌ಸ್ಟೇಬಲ್‌ಗಳಿಗೂ ಹೆಡ್ ಕಾನ್‌ಸ್ಟೇಬಲ್‌ಗಳಿಗೂ ಕಡುನೀಲಿ ಪೀಕ್ ಕ್ಯಾಪ್ ಕೊಟ್ಟಿತು. ಅಲ್ಲಿಂದ ಈ ಟೋಪಿ ಮ್ಯೂಸಿಯಂ ಸಾಮಾನಾಯಿತು. ಇವರ ಹತ್ತಿರ ಈಗ ಹನ್ನೊಂದು ಇವೆ. ಮೊದಲು ಎರಡೇ ಇದ್ದವಂತೆ. ಹೊಸ ಕ್ಯಾಪ್ ಬಂದ ಮೇಲೆ ರಿಟೈರ್ ಆದವರ ಮನೆಗಳಿಂದ ಒಂದೊಂದೇ ಬಂದು ಸೇರುತ್ತಿವೆ. ಎರಡರಲ್ಲಿ ಇಲಿ ಕಚ್ಚಿದ ಗುರುತು ಇದೆ, ಒಂದರಲ್ಲಿ ಮೊಮ್ಮಗು ಕ್ರೇಯಾನ್‌ನಲ್ಲಿ ನಕ್ಷತ್ರ ಬರೆದು ಅಜ್ಜನಿಗೆ ಪ್ರಮೋಷನ್ ಕೊಟ್ಟಿದೆ. ಅದನ್ನು ಒರೆಸಿಲ್ಲ, ಒಳ್ಳೇ ಕೆಲಸ ಮಾಡಿದ್ದಾರೆ.

ಇಲ್ಲಿ ಗಾಜಿನ ಪೆಟ್ಟಿಗೆ ಕಡಿಮೆ. ತಲೆ ಮೇಲೆ ಇಟ್ಟುಕೊಂಡು ನೋಡಿ ಅಂತ ಅವರೇ ಕೊಡುತ್ತಾರೆ. ಶೀರ್ಷಿಕೆಯಲ್ಲಿ ಬರೆದದ್ದು ಅದನ್ನೇ, ಬೇರೆ ಅರ್ಥ ಮಾಡಿಕೊಳ್ಳಬೇಡಿ. ನಾನು ಹಾಕಿಕೊಂಡೆ. ಎರಡು ನಿಮಿಷಕ್ಕೆ ಹಣೆ ಬೆವರಿತು. ಮಳೆಯಲ್ಲಿ ನೆಂದರೆ ಭಾರವಾಗುತ್ತಿತ್ತು, ಓಡಿದರೆ ಬೀಳುತ್ತಿತ್ತು ಅಂತ ಅಲ್ಲಿದ್ದ ದಫೇದಾರರು ವಿವರಿಸಿದರು. (ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು, ಎಲ್ಲರೂ ದಫೇದಾರ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.) "ಕಳ್ಳನ್ನ ಹಿಡೀಬೇಕೋ ಟೋಪಿ ಹಿಡೀಬೇಕೋ ಅನ್ನೋದು ದೊಡ್ಡ ಪ್ರಶ್ನೆ ರೀ. ಕಳ್ಳ ಹೋದ್ರೆ ನಾಳೆ ಸಿಗ್ತಾನೆ, ಟೋಪಿ ಹೋದ್ರೆ ಸಾಹೇಬ್ರು ಬಿಡಂಗಿಲ್ಲ."

ನನ್ನ ಪ್ರಕಾರ ಇಲ್ಲಿ ತಪ್ಪಿಸಿಕೊಳ್ಳಬಾರದ್ದು ಕಾಲಿಗೆ ಸುತ್ತುವ ಪಟ್ಟಿ. ಫೋಟೋದಲ್ಲಿ ನೋಡಿರುತ್ತೀರಿ, ಖಾಕಿ ಚಡ್ಡಿ ಹಾಕಿದ ಹಳೇ ಪೊಲೀಸರ ಮೊಣಕಾಲ ಕೆಳಗೆ ಸುತ್ತಿರುತ್ತದಲ್ಲ, ಅದು. ನಾನು ಅದನ್ನು ಯಾವುದೋ ಉದ್ದನೆಯ ಸಾಕ್ಸ್ ಅಂದುಕೊಂಡಿದ್ದೆ. ಅಲ್ಲವಂತೆ. ಉಣ್ಣೆ ಬಟ್ಟೆಯ ಉದ್ದನೆಯ ಸುರುಳಿ, ಅಂಗೈ ಅಗಲ. ಕಣಕಾಲಿನಿಂದ ಶುರು ಮಾಡಿ ಒಂದೇ ಅಳತೆಯಲ್ಲಿ ಮೇಲಕ್ಕೆ ಸುತ್ತುತ್ತಾ ಹೋಗಿ ಮೊಣಕಾಲ ಕೆಳಗೆ ಲಾಡಿ ಕಟ್ಟಬೇಕು. ದಫೇದಾರರು ನನ್ನನ್ನು ಸ್ಟೂಲ್ ಮೇಲೆ ಕೂರಿಸಿ ಪ್ಯಾಂಟ್ ಮಡಚಿಸಿ ಸುತ್ತಿ ತೋರಿಸಿದರು. ಅವರು ಮಾಡಿದ್ದು ಒಂದು ನಿಮಿಷ. ಆಮೇಲೆ ಬಿಚ್ಚಿ "ಈಗ ನೀವು" ಅಂದರು. ನಾನು ನಾಲ್ಕು ಸಲ ಸುತ್ತಿದೆ, ನಾಲ್ಕೂ ಸಲ ಎರಡು ಹೆಜ್ಜೆಗೆ ಜಾರಿ ಪಾದದ ಮೇಲೆ ಬಿತ್ತು. ಬಿಗಿ ಮಾಡಿದರೆ ಕಾಲು ಜೋಮು ಹಿಡಿಯುತ್ತದೆ, ಸಡಿಲ ಬಿಟ್ಟರೆ ಪರೇಡಿನಲ್ಲಿ ಮಾನ ಹೋಗುತ್ತದೆ. ದಾವಣಗೆರೆ ಬಿಸಿಲಿನಲ್ಲಿ ಉಣ್ಣೆ ಸುತ್ತಿಕೊಂಡು ದಿನವಿಡೀ ನಿಲ್ಲುವುದು ಅಂದರೆ ಏನು ಅಂತ ನನಗೆ ಆ ಐದು ನಿಮಿಷದಲ್ಲಿ ತಿಳಿಯಿತು. ಚಡ್ಡಿಯದೂ ಒಂದು ಕಥೆ. ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅದು ಯಾರ ಆಸರೆಯೂ ಇಲ್ಲದೆ ನೆಲದ ಮೇಲೆ ತಾನೇ ನಿಲ್ಲುತ್ತಿತ್ತಂತೆ. ಅಲ್ಲಿ ಒಂದು ನಿಲ್ಲಿಸಿಯೂ ಇಟ್ಟಿದ್ದಾರೆ. ಮಗಳು ಅದನ್ನು ನೋಡಿ ಬಿದ್ದು ಬಿದ್ದು ನಕ್ಕಳು.

ಸರಿ, ಇನ್ನು ಬರಹಗಳ ವಿಷಯ. ಪ್ರತಿ ಸಾಮಾನಿನ ಕೆಳಗೆ ಒಂದು ಚೀಟಿ ಅಂಟಿಸಿದ್ದಾರೆ. ಅರ್ಧ ಚೀಟಿಗಳಲ್ಲಿ ಅಕ್ಷರ ತಪ್ಪು, ಇನ್ನರ್ಧದಲ್ಲಿ ವಿಷಯವೇ ಇಲ್ಲ. ಲಾಠಿಯ ಕೆಳಗೆ 'ಲಾಠಿ' ಅಂತ ಬರೆದಿದೆ. ಥ್ಯಾಂಕ್ಸ್. ಬಾಗಿಲ ಹತ್ತಿರದ ದೊಡ್ಡ ಬೋರ್ಡಿನಲ್ಲಿ '1861ರಲ್ಲಿ ನಮ್ಮ ಊರಿಗೆ ಪೊಲೀಸ್ ವ್ಯವಸ್ಥೆ ಬಂತು' ಅಂತ ಇದೆ. ಇದು ಸರಿಯಲ್ಲ. 1857ರ ದಂಗೆ ಆದ ಮೇಲೆ ಬ್ರಿಟಿಷ್ ಇಂಡಿಯಾಕ್ಕೆ ಅಂತ ಮಾಡಿದ ಕಾನೂನು 1861ರದ್ದು. ನಮ್ಮದು ಮೈಸೂರು ಸಂಸ್ಥಾನ. ಇಲ್ಲಿ ಅದಕ್ಕೂ ಮೊದಲಿಂದ ಕಂದಾಚಾರ ಅಂತ ಒಂದು ಇಲಾಖೆ ಇತ್ತು, ಅದರ ಸಿಪಾಯಿಗಳೇ ಕಾವಲು, ಗಸ್ತು ಎಲ್ಲ ನೋಡಿಕೊಳ್ಳುತ್ತಿದ್ದರು. ಹಳ್ಳಿಗಳಲ್ಲಿ ಪಟೇಲ, ತಳವಾರ ಇದ್ದೇ ಇದ್ದರು. ಆಮೇಲೆ 1908ರಲ್ಲಿ ಸಂಸ್ಥಾನಕ್ಕೇ ಬೇರೆ ಪೊಲೀಸ್ ಕಾನೂನು ಬಂತು. ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಜೇಬಿನಿಂದ ಪುಟ್ಟ ಡೈರಿ ತೆಗೆದು ಬರೆದುಕೊಂಡರು. ಹುಡುಗರಲ್ಲೊಬ್ಬ ಮಾತ್ರ "ನಾ ಮೊದಲೇ ಹೇಳಿದ್ನಲ್ಲ ಸರ್" ಅಂತ ಗೊಣಗಿದ.

ಆ ಹುಡುಗ ಮಾಡಿದ ಒಂದು ಮ್ಯಾಪ್ ಇದೆ, ಒಳಕೋಣೆಯ ಗೋಡೆ ಮೇಲೆ. ಇಡೀ ಮ್ಯೂಸಿಯಂನಲ್ಲಿ ತಲೆ ಓಡಿಸಿ ಮಾಡಿದ ಕೆಲಸ ಅಂದರೆ ಅದೇ. ಥರ್ಮೋಕೋಲ್ ಮೇಲೆ ನಮ್ಮ ಸೀಮೆ, ಮೂರು ಬಣ್ಣದ ಉಲ್ಲನ್ ದಾರ. ಸ್ವಾತಂತ್ರ್ಯಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆ, ಅಂದರೆ ಮೈಸೂರು ಪೊಲೀಸ್. ಹರಿಹರದಲ್ಲಿ ಹೊಳೆ ದಾಟಿದರೆ ರಾಣೆಬೆನ್ನೂರು ಸೀಮೆ, ಧಾರವಾಡ ಜಿಲ್ಲೆ, ಬಾಂಬೆ ಸರ್ಕಾರದ ಪೊಲೀಸ್. ಇತ್ತ ಹರಪನಹಳ್ಳಿ ಕಡೆ ಹೋದರೆ ಬಳ್ಳಾರಿ ಜಿಲ್ಲೆ, ಮದ್ರಾಸ್ ಸರ್ಕಾರದ ಪೊಲೀಸ್, ಅವರಿಗೆ 1859ರದ್ದೇ ಬೇರೆ ಕಾನೂನು. ಒಂದು ದಿನದ ದಾರಿಯಲ್ಲಿ ಮೂರು ಸರ್ಕಾರ, ಮೂರು ಥರದ ಪೊಲೀಸ್! ಎತ್ತು ಕದ್ದವನು ಸೇತುವೆ ದಾಟಿಬಿಟ್ಟರೆ ಇಲ್ಲಿಯವರು ದಡದಲ್ಲಿ ನಿಂತು ನೋಡಬೇಕು, ಕಾಗದ ಪತ್ರ ಓಡಾಡಬೇಕು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಬಾಂಬೆ ಕಡೆಯ ಜಿಲ್ಲೆಗಳು ಬಂದಿದ್ದು 1956ರ ನವೆಂಬರ್ 1ಕ್ಕೆ. ಆಗಲೂ ಒಂದೇ ರಾಜ್ಯದೊಳಗೆ ಬೇರೆ ಬೇರೆ ಪೊಲೀಸ್ ಕಾನೂನುಗಳು. ಅವನ್ನೆಲ್ಲ ಒಂದು ಮಾಡಿದ ಕಾನೂನು ಜಾರಿಗೆ ಬಂದಿದ್ದು 1965ರ ಏಪ್ರಿಲ್ 2ರಂದು. ಪ್ರತಿ ವರ್ಷ ಅದೇ ದಿನ ಪೊಲೀಸ್ ಧ್ವಜ ದಿನ ಮಾಡುವುದು ಅದಕ್ಕೇ. ನಾನು ಇಷ್ಟು ವರ್ಷ ಹರಿಹರದ ಸೇತುವೆ ಮೇಲೆ ಓಡಾಡಿದ್ದೇನೆ, ಒಂದು ದಿನವೂ ಇದು ತಲೆಗೆ ಬಂದಿರಲಿಲ್ಲ.

ಇದೇ ಕೋಣೆಯಲ್ಲಿ ಬೀಟ್ ಪುಸ್ತಕಗಳಿವೆ. ನೋಡಲು ಏನೂ ಇಲ್ಲ, ಕೆಂಪು ರಟ್ಟಿನ ಸಣ್ಣ ಪುಸ್ತಕ, ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ಪುಸ್ತಕದ ಹಾಗೆ. ರಾತ್ರಿ ಗಸ್ತು ತಿರುಗುವವನು ಬ್ಯಾಂಕು, ಗುಡಿ, ಅಡ್ಡರಸ್ತೆ ಅಂತ ಗೊತ್ತುಮಾಡಿದ ಕಡೆಗಳಿಗೆ ಹೋಗಿ ಟೈಮ್ ಹಾಕಿ ಸಹಿ ಮಾಡಬೇಕು. ಬಂದಿದ್ದನೋ ಇಲ್ಲವೋ ಅಂತ ಆಮೇಲೆ ಮೇಲಿನವರು ನೋಡುತ್ತಾರೆ. ಒಂದು ಪುಟವನ್ನು ನಾನು ತುಂಬಾ ಹೊತ್ತು ನೋಡಿದೆ. ಮೊದಲ ಸಹಿ 11-40ಕ್ಕೆ, ಮುತ್ತಿನಂಥ ಅಕ್ಷರ, ಪೂರ್ತಿ ಹೆಸರು. 1-15ಕ್ಕೆ ಇನಿಷಿಯಲ್ ಮಾತ್ರ. 2-50ಕ್ಕೆ ಒಂದು ಗೀಟು, ಮಳೆ ಹನಿ ಬಿದ್ದು ಶಾಯಿ ಹರಡಿದೆ. 4-10ಕ್ಕೆ ಮತ್ತೆ ಪೂರ್ತಿ ಹೆಸರು, ಮುತ್ತಿನಂಥ ಅಕ್ಷರ. ನಾಲ್ಕು ಗಂಟೆಗೆ ಎಲ್ಲೋ ಟೀ ಸಿಕ್ಕಿರಬೇಕು. ದಫೇದಾರರಿಗೆ ಹೇಳಿದೆ. ಅವರು ಕನ್ನಡಕ ಏರಿಸಿ ಪುಟ ನೋಡಿ, "ಟೀ ಅಲ್ಲ. ಆ ಟೈಮಿಗೆ ಸಾಹೇಬ್ರು ರೌಂಡ್ಸ್ ಬರ್ತಾರೆ" ಅಂದರು.

ಈ ಪುಟದ ಬಗ್ಗೆಯೂ ಚೀಟಿಯಲ್ಲಿ ಏನೂ ಇಲ್ಲ. 'ಬೀಟ್ ಬುಕ್, ಹಳೆಯದು' ಅಷ್ಟೇ. ಇಲ್ಲಿಯ ಸಮಸ್ಯೆಯೇ ಇದು. ಮಾತಿನಲ್ಲಿ ಹೇಳುವುದೆಲ್ಲ ಚಿನ್ನ, ಬರೆದಿಟ್ಟಿರುವುದು ಬರೀ ಬೂದಿ. ದಫೇದಾರರು ಇಲ್ಲದ ಭಾನುವಾರ ನೀವು ಹೋದರೆ ಹತ್ತು ನಿಮಿಷಕ್ಕೆ ನೋಡಿ ಮುಗಿಸಿ, ಇದನ್ನು ನೋಡಲು ಬಂದೆನಾ ಅಂತ ಬೈದುಕೊಂಡು ವಾಪಸ್ ಬರುತ್ತೀರಿ. ನಾನು ಹುಡುಗರಿಗೆ ಹೇಳಿದೆ, ಮೊಬೈಲ್‌ನಲ್ಲಿ ಅವರ ಮಾತು ರೆಕಾರ್ಡ್ ಮಾಡಿ, ಕ್ಯೂಆರ್ ಕೋಡ್ ಅಂಟಿಸಿ ಸಾಕು ಅಂತ. ತಲೆ ಆಡಿಸಿದರು. ಮಾಡುತ್ತಾರೋ ಇಲ್ಲವೋ ನೋಡಬೇಕು.

ಬಂದೂಕು ಇಲ್ಲ. ಮಕ್ಕಳು ಅದನ್ನೇ ಕೇಳುತ್ತಾರೆ, ಮೊದಲೇ ಹೇಳಿ ಕರೆದುಕೊಂಡು ಹೋಗಿ. ಆರ್ಮ್ಸ್ ಆಕ್ಟ್ ಇರುವಾಗ ಹಂಚಿನ ಮನೆಯಲ್ಲಿ ರೈಫಲ್ ಇಡಲು ಆಗುತ್ತದೆಯೇ? ಮರದಲ್ಲಿ ಕೆತ್ತಿಸಿದ ಎರಡು ಮಾದರಿ ಇವೆ. ಒಂದು ತ್ರೀ ನಾಟ್ ತ್ರೀ, ಹತ್ತು ಗುಂಡಿನ ಮ್ಯಾಗಜೀನ್ ಇರುವಂಥದ್ದು. ಇನ್ನೊಂದು ಫೋರ್ ಟೆನ್ ಮಸ್ಕೆಟ್. ನೋಡಲು ಎರಡೂ ಅಣ್ಣತಮ್ಮಂದಿರ ಹಾಗೆ. ಆದರೆ ಮಸ್ಕೆಟ್‌ನಲ್ಲಿ ಒಂದು ಸಲಕ್ಕೆ ಒಂದೇ ಗುಂಡು. ಬಂಗಾಳದ ಈಶಾಪುರದ ಬಂದೂಕು ಕಾರ್ಖಾನೆಯಲ್ಲಿ ತ್ರೀ ನಾಟ್ ತ್ರೀಯನ್ನೇ ಬದಲಾಯಿಸಿ ಪೊಲೀಸರಿಗೆ ಅಂತ ಮಾಡಿದ್ದು. ಮರ ಕೆತ್ತಿದ ಬಡಗಿ ಭಾರವೂ ಸರಿಯಾಗಿ ಬರಲಿ ಅಂತ ಒಳಗೆ ಸೀಸ ಸುರಿದಿದ್ದಾನೆ. ಸುಮಾರು 4 ಕೆಜಿ. ತೋಳು ಚಾಚಿ ಹಿಡಿದು ಇಪ್ಪತ್ತು ಎಣಿಸಿ ನೋಡಿ, ಗೊತ್ತಾಗುತ್ತದೆ.

ಸೀಟಿ ಚೆನ್ನಾಗಿದೆ. ಉದ್ದನೆಯ ಹಿತ್ತಾಳೆ ಕೊಳವೆಯಂಥದ್ದು, ಒಳಗೆ ಉರುಳುವ ಸಣ್ಣ ಗೋಲಿ ಇರುವುದಿಲ್ಲ, ಊದಿದರೆ ಎರಡು ಸ್ವರ ಒಟ್ಟಿಗೆ ಬರುತ್ತವೆ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ ಅನ್ನುವವರು 1880ರ ದಶಕದಲ್ಲಿ ಲಂಡನ್ ಪೊಲೀಸರಿಗೆ ಮಾಡಿಕೊಟ್ಟ ಮಾದರಿ ಅದು. ಅದಕ್ಕೂ ಮೊದಲು ಅವರು ಮರದ ಗಿರಗಟ್ಟೆ ತಿರುಗಿಸಿ ಸದ್ದು ಮಾಡುತ್ತಿದ್ದರಂತೆ, ನಮ್ಮ ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುತ್ತೇವಲ್ಲ, ಅಂಥದ್ದು. ಸೀಟಿಯನ್ನು ಮಕ್ಕಳ ಕೈಗೆ ಕೊಡುತ್ತಾರೆ. ಇದು ದೊಡ್ಡ ತಪ್ಪು. ಪಕ್ಕದ ಮನೆಯವರು ನಾನಿದ್ದಷ್ಟು ಹೊತ್ತಿನಲ್ಲಿ ಎರಡು ಸಲ ಬಂದು ಜಗಳ ಆಡಿ ಹೋದರು.

ಮಗಳಿಗೆ ಇಷ್ಟವಾಗಿದ್ದು ಬೆರಳಚ್ಚು. ಇಂಕ್ ಪ್ಯಾಡು, ಬಿಳಿ ಕಾಗದ, ಒಂದು ಭೂತಗನ್ನಡಿ. ಹತ್ತೂ ಬೆರಳು ಒತ್ತಿಸಿ ಯಾವುದು ಕಮಾನು, ಯಾವುದು ಕುಣಿಕೆ, ಯಾವುದು ಸುರುಳಿ ಅಂತ ಹುಡುಗರು ತೋರಿಸಿಕೊಡುತ್ತಾರೆ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾಗಿದ್ದು ನಮ್ಮ ಕಲ್ಕತ್ತೆಯಲ್ಲಿ, 1897ರಲ್ಲಿ. ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕದ ಹಿಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನುವ ಇಬ್ಬರು ಸಬ್‌ಇನ್‌ಸ್ಪೆಕ್ಟರ್‌ಗಳ ತಲೆ ಇತ್ತು. ಹೆಸರು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು, ಈಗಲೂ ಹೆನ್ರಿ ಪದ್ಧತಿ ಅಂತಲೇ ಕರೆಯುತ್ತಾರೆ. ಇದನ್ನು ಹೇಳುವಾಗ ದಫೇದಾರರ ಮುಖ ನೋಡಬೇಕಿತ್ತು. ಏನೂ ಹೇಳಲಿಲ್ಲ, ಸುಮ್ನೆ ಹುಬ್ಬು ಹಾರಿಸಿದರು.

ಪಡಸಾಲೆಯಲ್ಲಿ ಒನಕೆ ಓಬವ್ವನ ದೊಡ್ಡ ಪಟ ಇದೆ. ದುರ್ಗದವರ ಕಣ್ಣಿಗೆ ಬೀಳಲಿ ಅಂತ ಹೇಳುತ್ತಿದ್ದೇನೆ, ಅವಳನ್ನು ಇವರು ಇಲಾಖೆಗೆ ಸೇರಿಸಿಕೊಂಡುಬಿಟ್ಟಿದ್ದಾರೆ. ದಫೇದಾರರ ಪ್ರಕಾರ ಅವಳ ಗಂಡ ರಿಲೀವರ್ ಬರುವ ಮೊದಲೇ ಪಾಯಿಂಟ್ ಬಿಟ್ಟು ಊಟಕ್ಕೆ ಬಂದಿದ್ದು ತಪ್ಪು, ಇವತ್ತಾಗಿದ್ದರೆ ಮೆಮೊ ಕೊಡುತ್ತಿದ್ದರು. ಕಿಂಡಿಯ ಹತ್ತಿರ ಹೈದರಾಲಿಯ ಸೈನಿಕರನ್ನು ತಡೆದವಳು ಯಾವ ಆರ್ಡರ್ ಇಲ್ಲದೆ ಡ್ಯೂಟಿ ಮಾಡಿದವಳು. ಕೇಳಲು ಮಜವಾಗಿದೆ. ಆದರೆ ಇಡೀ ಮ್ಯೂಸಿಯಂನಲ್ಲಿ ಹೆಣ್ಣು ಅಂತ ಇರುವುದು ಅವಳೊಬ್ಬಳೇ! ಮಹಿಳಾ ಪೊಲೀಸರ ಒಂದು ಫೋಟೋ, ಒಂದು ಯೂನಿಫಾರ್ಮ್, ಏನೂ ಇಲ್ಲ. ಮಗಳು ಕೇಳಿದಳು, "ಲೇಡಿ ಪೊಲೀಸ್ ಎಲ್ಲಿ ಅಜ್ಜಾ?" ಅಂತ. ನಾಲ್ಕೂ ಅಜ್ಜಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಯಿಗೆ ಇರುವ ಜಾಗವೂ ಅವರಿಗೆ ಸಿಕ್ಕಿಲ್ಲ. ನಾಯಿ ಅಂದರೆ ತುಂಗಾ, ನಮ್ಮ ಜಿಲ್ಲೆಯ ಡಾಬರ್‌ಮನ್. 2020ರ ಜುಲೈನಲ್ಲಿ ಕೊಲೆ ಕೇಸಿನ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಹೆಸರು ಮಾಡಿದವಳು. ಅವಳ ಫೋಟೋಗೆ ಹಾರ ಇದೆ, ಪ್ರತಿ ಭಾನುವಾರ ಹೊಸ ಹೂವು. ತುಂಗಾ ಬಗ್ಗೆ ನನಗೇನೂ ತಕರಾರಿಲ್ಲ, ಆ ಪಕ್ಕದ ಖಾಲಿ ಗೋಡೆಯ ಬಗ್ಗೆ ಇದೆ.

ಖಾಲಿ ಗೋಡೆ ಇನ್ನೂ ಒಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ.

ಒಳಕೋಣೆಯಲ್ಲಿ ಬೇಡಿಗಳಿವೆ, ಕಾಲಿಗೆ ಹಾಕುವ ಸರಪಳಿ ಇದೆ. ಯಾರ ಕೈಗೆ ಹಾಕುತ್ತಿದ್ದರು, ಹಾಕಿಸಿಕೊಂಡವನ ಕಥೆ ಏನು ಅಂತ ಒಂದು ಸಾಲಿಲ್ಲ. ಸಿಕ್ಕ ಸಿಕ್ಕವರಿಗೆಲ್ಲ ಬೇಡಿ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಕೆಲವು ಅಪರಾಧಗಳಿಗೆ ಮತ್ತೆ ಅವಕಾಶ ಕೊಟ್ಟಿದ್ದಾರೆ. ಹುಡುಗರು ಹಳೇ ಸೆಕ್ಷನ್, ಹೊಸ ಸೆಕ್ಷನ್ ಅಂತ ಚಾರ್ಟ್ ಮಾಡಿದ್ದಾರೆ, ಕೊಲೆಯ 302 ಹೋಗಿ 103 ಆಗಿದ್ದು, 420 ಹೋಗಿ 318 ಆಗಿದ್ದು ಎಲ್ಲ ಇದೆ (ಇನ್ನು ಮೇಲೆ ಮೋಸಗಾರನನ್ನು ಫೋರ್‌ಟ್ವೆಂಟಿ ಅನ್ನುವ ಹಾಗಿಲ್ಲ, ತ್ರೀ ಏಟೀನ್ ಅಂದರೆ ಬೈದ ಹಾಗೇ ಆಗುವುದಿಲ್ಲ). ಆದರೆ ಬೇಡಿಯ ವಿಷಯ ಇಲ್ಲ. ತುರುವನೂರಿನಲ್ಲಿ 1939ರಲ್ಲಿ ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಜನ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದು ಇಲ್ಲ. 1942ರಲ್ಲಿ ಇದೇ ದಾವಣಗೆರೆಯಲ್ಲಿ ಗೋಲಿಬಾರ್ ಆಗಿ ಜನ ಸತ್ತಿದ್ದೂ ಇಲ್ಲ. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಅಮಲ್ದಾರರೂ (ಈಗಿನ ತಹಶೀಲ್ದಾರ್ ಇದ್ದ ಹಾಗೆ) ಸಬ್‌ಇನ್‌ಸ್ಪೆಕ್ಟರೂ ಜನರ ಕೈಯಲ್ಲಿ ಸತ್ತರು, ಮುಂದಿನ ವರ್ಷ ಊರಿನ ಐದು ಜನರನ್ನು ಗಲ್ಲಿಗೇರಿಸಿದರು. ಅದರಲ್ಲಿ ಖಾಕಿ ಹಾಕಿದವರೂ ಸತ್ತಿದ್ದಾರಲ್ಲ, ಅದಾದರೂ ಇರಬೇಕಿತ್ತು. ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ 1959ರ ಅಕ್ಟೋಬರ್ 21ರಂದು ಚೀನಾ ಸೈನಿಕರ ದಾಳಿಯಲ್ಲಿ ಸತ್ತ ಹತ್ತು ಜನ ಪೊಲೀಸರಿಗೆ ದೀಪ ಇಟ್ಟಿದ್ದಾರೆ, ಇಡಲೇಬೇಕು. ನಮ್ಮ ಊರಿನ ಬೀದಿಯಲ್ಲೇ ಬಿದ್ದವರಿಗೆ ಒಂದು ಚೀಟಿಯೂ ಇಲ್ಲ ಅಂದರೆ ಹೇಗೆ?

ಕೇಳಿದೆ. ಕೇಳದೆ ಬರಲು ಆಗಲಿಲ್ಲ, ಯಾಕೆಂದರೆ ಲಾಠಿ ಕೈಗೆ ತಗೊಂಡಾಗ ನನಗೆ ನಮ್ಮಜ್ಜನ ನೆನಪಾಯಿತು. ಅವರು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಒಂದು ಮುಷ್ಕರದಲ್ಲಿ ಗೇಟಿನ ಮುಂದೆ ಲಾಠಿ ಏಟು ಬಿದ್ದು ಎಡಗೈ ಹೆಬ್ಬೆರಳು ಸೊಟ್ಟಗಾಗಿತ್ತು. ಸಾಯುವವರೆಗೂ ಬೆಂಕಿಪೊಟ್ಟಣವನ್ನು ಅಂಗೈ ಮತ್ತು ಕಿರುಬೆರಳ ಮಧ್ಯೆ ಒತ್ತಿ ಹಿಡಿದು ಕಡ್ಡಿ ಗೀರುತ್ತಿದ್ದರು. ಖಾಕಿ ಕಂಡರೆ ರಸ್ತೆ ದಾಟಿ ಆ ಕಡೆ ನಡೆಯುತ್ತಿದ್ದರು, ಬೈಯುತ್ತಿರಲಿಲ್ಲ, ಸುಮ್ನೆ ದಾಟುತ್ತಿದ್ದರು. ಇದನ್ನು ದಫೇದಾರರಿಗೆ ಹೇಳಿದೆ. ಜಗಳಕ್ಕೆ ಬಂದಿದ್ದಾನೆ ಅಂದುಕೊಳ್ಳುತ್ತಾರೇನೋ ಅಂತ ಸ್ವಲ್ಪ ಅಳುಕಿತ್ತು.

ಅವರು ಲಾಠಿಯನ್ನು ನನ್ನ ಕೈಯಿಂದ ತಗೊಂಡು ಗೋಡೆಗೆ ಒರಗಿಸಿದರು. ತುದಿಯ ಲೋಹದ ಕಟ್ಟು ನೆಲಕ್ಕೆ ತಾಗಿ ಟಣ್ ಅಂತು. "ಕುಂದ್ರಿ" ಅಂದರು. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಾನೂ ಮಿಲ್ ಗೇಟಿನ ಬಂದೋಬಸ್ತ್ ಮಾಡ್ದವನೇ ರೀ. ನಿಮ್ಮಜ್ಜಾರ ಕಾಲದ್ದಲ್ಲ, ಆಮೇಲಿಂದು. ಆ ಕಡೆ ನಿಂತವ್ರು ನಮ್ಮ ಓಣಿ ಹುಡುಗ್ರೇ. ಹೊಡಿ ಅಂದ್ರೆ ಹೊಡಿಬೇಕು. ಹೊಡದು, ಸಂಜಿಗೆ ಅದೇ ಓಣಿಗೆ ಮನಿಗೆ ಹೋಗ್ಬೇಕು. ನಮ್ಮನಿಯಾಕಿ ನೀರಿಗೆ ಹೋದ್ರೆ ನಳದ ಹತ್ರ ಯಾರೂ ಮಾತಾಡ್ತಿರಲಿಲ್ಲ. ಎರಡು ತಿಂಗ್ಳು."

ಇದಕ್ಕಿಂತ ದೊಡ್ಡ ಪೊಲೀಸ್ ಇತಿಹಾಸ ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೀರಿ? ಅದನ್ನು ಬರೆದು ಹಾಕಿ ಅಂದೆ. ಇನ್ನೊಬ್ಬ ರಿಟೈರ್ಡ್ ಸಾಹೇಬರು, ಜಮಾದಾರರಾಗಿದ್ದವರು, ಅಲ್ಲೇ ಕೂತು ಬೆಲ್ಟಿನ ಬಿಲ್ಲೆ ಉಜ್ಜುತ್ತಿದ್ದರು. ಅವರಿಗೆ ಇದು ಹಿಡಿಸಲಿಲ್ಲ. "ಇಲಾಖೆ ಮರ್ಯಾದೆ ಪ್ರಶ್ನೆ. ನಮ್ಮನ್ನ ನಾವೇ ಬೈಕೊಳ್ಳಾಕೆ ಮ್ಯೂಸಿಯಂ ಮಾಡೀವಾ?" ಅಂದರು. ಮೇಷ್ಟ್ರು ಏನೋ ಹೇಳಲು ಹೋದರು. ಇಬ್ಬರಿಗೂ ಸಣ್ಣಗೆ ಮಾತು ಬೆಳೆಯಿತು. ಈ ಜಗಳ ಇವತ್ತಿನದಲ್ಲ ಅಂತ ಗೊತ್ತಾಗುತ್ತಿತ್ತು. ಹುಡುಗರಿಬ್ಬರೂ ನಿಧಾನಕ್ಕೆ ಹಿತ್ತಲಿಗೆ ಜಾರಿಕೊಂಡರು. ನನಗೆ ಇದು ಕೆಟ್ಟದು ಅನ್ನಿಸಲಿಲ್ಲ. ಸಂಬಳ ಇಲ್ಲದ ಕೆಲಸಕ್ಕೆ ಇಷ್ಟು ಬಿಸಿಯಾಗಿ ಜಗಳ ಆಡುವವರು ನಮ್ಮೂರಲ್ಲಿ ಇನ್ನೂ ಇದ್ದಾರಲ್ಲ!

ಹೋಗುವವರಿಗೆ ಒಂದೆರಡು ಮಾತು. ಭಾನುವಾರ ಬೆಳಿಗ್ಗೆ 10ರಿಂದ 1 ಗಂಟೆವರೆಗೆ ಮಾತ್ರ. ಟೈಮ್ ಅಂದರೆ ಟೈಮ್, ಒಂದಕ್ಕೆ ಸರಿಯಾಗಿ ಠಾಣೆಯ ಹಳೇ ಗಂಟೆಗೆ ಒಂದು ಏಟು ಹೊಡೆದು ಹೊರಗೆ ಕಳಿಸುತ್ತಾರೆ. ಏಪ್ರಿಲ್ 2 ಮತ್ತು ಅಕ್ಟೋಬರ್ 21, ಈ ಎರಡು ದಿನ ಮಾತ್ರ ಸಂಜೆವರೆಗೂ ತೆರೆದಿರುತ್ತದೆ. ಕಾರು ಗಲ್ಲಿಯೊಳಗೆ ತರಬೇಡಿ, ನಾನು ತಂದು ಕನ್ನಡಿ ಕಳೆದುಕೊಂಡೆ. ಬೈಕ್ ಆದರೆ ಸರಿ. ಟಾಯ್ಲೆಟ್ ಹಿತ್ತಲಲ್ಲಿದೆ, ಕ್ಲೀನ್ ಇದೆ, ಆದರೆ ಒಳಗಿನ ಚಿಲಕ ಬರುವುದಿಲ್ಲ, ಪೊಲೀಸ್ ಮ್ಯೂಸಿಯಂನಲ್ಲಿ ಚಿಲಕ ಇಲ್ಲ ಅಂದರೆ ನಗು ಬರುತ್ತದೆ. ಮೆಟ್ಟಿಲು ಎತ್ತರ, ವಯಸ್ಸಾದವರಿಗೆ ಕೈ ಹಿಡಿದು ಹತ್ತಿಸಬೇಕು. ಫೋಟೋ ತೆಗೆಯಬಹುದು, ಬೀಟ್ ಪುಸ್ತಕ ಮತ್ತು ರಿಜಿಸ್ಟರ್‌ಗಳದ್ದು ಬೇಡ ಅನ್ನುತ್ತಾರೆ, ಅದರಲ್ಲಿ ಜನರ ಹೆಸರಿದೆ ಅಂತ. ಅದು ಸರಿಯಾದ ಮಾತು. ಮುಗಿಸಿ ಹೊರಗೆ ಬಂದರೆ ಬೆಣ್ಣೆ ದೋಸೆ ತಿನ್ನುವ ಟೈಮೂ ಆಗಿರುತ್ತದೆ, ಎಲ್ಲಿ ತಿನ್ನಬೇಕು ಅಂತ ನಾನು ಹೇಳಿದರೆ ಇಲ್ಲಿ ಕೆಳಗೆ ಇನ್ನೊಂದು ಯುದ್ಧ ಶುರುವಾಗುತ್ತದೆ.

ಹುಂಡಿಗೆ ದುಡ್ಡು ಹಾಕಿ. ಅದರ ಜೊತೆ ಒಂದು ಡಬ್ಬಿ ಬ್ರಾಸೋ ತಗೊಂಡು ಹೋದರೆ ಇನ್ನೂ ಖುಷಿ ಪಡುತ್ತಾರೆ. ಬಿಲ್ಲೆ, ಗುಂಡಿ, ಸೀಟಿ ಅಂತ ಉಜ್ಜುವುದಕ್ಕೆ ತಿಂಗಳಿಗೆ ಎರಡು ಡಬ್ಬಿ ಬೇಕಂತೆ. ಆ ಜಮಾದಾರರ ಕೈಗೇ ಕೊಡಿ.

ಐದಕ್ಕೆ ಎಷ್ಟು ಅಂತ ಕೇಳಿದರೆ ಸಾಮಾನಿಗೆ ಮೂರು, ಚೀಟಿಗೆ ಒಂದು, ದಫೇದಾರರ ಮಾತಿಗೆ ಐದು.

ಹೊರಡುವಾಗ ದಫೇದಾರರು ಬಾಗಿಲ ತನಕ ಬಂದರು. ನಿಮ್ಮಜ್ಜಾರ ಮಿಲ್ಲಿನ ಗೇಟ್ ಪಾಸು, ಫೋಟೋ ಏನಾದರೂ ಇದ್ದರೆ ತಗೊಂಡು ಬರ್ರಿ, ಲಾಠಿ ಪಕ್ಕದಲ್ಲಿ ಜಾಗ ಮಾಡ್ತೀನಿ ಅಂದರು. ಹಿಂದಿನಿಂದ ಜಮಾದಾರರು ಕೆಮ್ಮಿದರು. ದಫೇದಾರರು ತಿರುಗಿ ನೋಡಲಿಲ್ಲ. ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕ್ ಇಳಿಸಿ ಹುಡುಕಿದೆ. ಪಾಸು ಸಿಕ್ಕಿದೆ. ಫೋಟೋ ನಮ್ಮ ಅತ್ತೆ ಮನೆಯಲ್ಲಿ ಇರಬೇಕು, ಈ ವಾರ ಹರಿಹರಕ್ಕೆ ಹೋಗಿ ಕೇಳಬೇಕು.